ಗಣಕಕ್ಕೆ ಹೇಳುವ ಹೆಸರು

ನನ್ನ ನೆರೆಯಲ್ಲಿರುವ ನಿವೃತ್ತ ಅಧ್ಯಾಪಕರೊಬ್ಬರು ತಮ್ಮ ಹಳೆಯ ಗಣಕಯಂತ್ರಕ್ಕೆ ಲಿನಕ್ಸ್ ವ್ಯವಸ್ಥೆಯೊಂದನ್ನು ತಾವೇ ಸ್ಥಾಪಿಸಬೇಕೆಂದು ಸಂಕಲ್ಪಿಸಿ ಕುಳಿತ ದಿನ, ಭಾಷೆ, ಕಾಲವಲಯ, ಕೀಲಿಮಣೆ ಮುಂತಾದ ಪ್ರಶ್ನೆಗಳಿಗೆಲ್ಲ ನಿರಾತಂಕವಾಗಿ ಉತ್ತರ ಕೊಡುತ್ತ ಬಂದವರು, ‘ಬಳಕೆದಾರರ ಹೆಸರು’ ಎಂಬ ಸಣ್ಣದೊಂದು ಚೌಕದ ಮುಂದೆ ಬಂದು ನಿಂತುಬಿಟ್ಟರು. ಮೊದಲು ತಮ್ಮ ಹೆಸರನ್ನು ಕನ್ನಡದಲ್ಲಿಯೇ ಬರೆದರು, ಯಂತ್ರ ಒಪ್ಪಲಿಲ್ಲ. ಬಳಿಕ ಇಂಗ್ಲಿಷ್ ಲಿಪಿಯಲ್ಲಿ, ಊರಿನ ಮತ್ತು ತಂದೆಯವರ ಹೆಸರುಗಳ ಮೊದಲಕ್ಷರಗಳನ್ನು ಚುಕ್ಕೆಗಳೊಡನೆ ಮುಂದಿಟ್ಟು, ಹಾಜರಿ ಪುಸ್ತಕದಲ್ಲಿ ವರ್ಷಾನುಗಟ್ಟಲೆ ರುಜು ಹಾಕಿದ ಕ್ರಮದಲ್ಲಿಯೇ ಬರೆದರು, ಅದೂ ತಿರಸ್ಕೃತವಾಯಿತು. ಚುಕ್ಕೆಗಳನ್ನು ತೆಗೆದು ದೊಡ್ಡಕ್ಷರದಿಂದ ಆರಂಭಿಸಿದರು. ಮತ್ತೆ ಅದೇ ಸೂಚನೆ. ಕಡೆಗೆ ಬೇಸತ್ತು ತಮ್ಮ ಮೊಬೈಲ್ ಸಂಖ್ಯೆಯನ್ನು ಒತ್ತಿದರು, ಅದಕ್ಕೂ ನಿರಾಕರಣೆಯೇ. “ನನ್ನ ಹೆಸರಿನಲ್ಲಿ ದೋಷವೇನಿದೆಯಯ್ಯಾ?” ಎಂದು ಅವರು ಕೇಳಿದಾಗ ಆ ಧ್ವನಿಯಲ್ಲಿ ಕೋಪಕ್ಕಿಂತ ನೋವೇ ಹೆಚ್ಚಾಗಿತ್ತು. ಹೆಸರಿನಲ್ಲಿ ದೋಷವಿರಲಿಲ್ಲ. ಅವರು ಬರೆದ ಒಂದೊಂದು ಚಿಹ್ನೆಗೂ ಆ ವ್ಯವಸ್ಥೆಯೊಳಗೆ ಬೇರೊಂದು ಉದ್ಯೋಗ ಬಹುಕಾಲದ ಹಿಂದೆಯೇ ನಿಯತವಾಗಿತ್ತು; ಆ ವಿಷಯವನ್ನು ತಿಳಿಸಿ ಹೇಳುವಷ್ಟು ಮಾತು ಪರದೆಯ ಮೇಲಿನ ಆ ಒಂದು ಸಾಲಿನಲ್ಲಿ ಇರಲಿಲ್ಲ. ಅವರಿಗೆ ಅಂದು ಹೇಳಿದುದನ್ನೂ, ಹೇಳಲು ಹೊತ್ತು ಸಾಲದೆ ಉಳಿದುದನ್ನೂ, ಇಂಥ ಚೌಕದ ಮುಂದೆ ನಾಳೆ ಕುಳಿತುಕೊಳ್ಳುವವರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಗ್ರಹಿಸತಕ್ಕದ್ದು ಇಷ್ಟು: ಸ್ಥಾಪನೆಯ ಕಾಲದಲ್ಲಿ ವ್ಯವಸ್ಥೆಯು ನಮ್ಮಿಂದ ಕೇಳುವ ಹೆಸರುಗಳು ಎರಡು. ಒಂದು ಪೂರ್ಣನಾಮ, ಇನ್ನೊಂದು ಬಳಕೆದಾರ ಹೆಸರು, ಅಂದರೆ ಜನರು ಸಾಮಾನ್ಯವಾಗಿ ಯೂಸರ್‌ನೇಮ್ ಎಂದು ಕರೆಯುವುದು. ಪೂರ್ಣನಾಮವನ್ನು ಓದುವವರು ಮನುಷ್ಯರು. ಬಳಕೆದಾರ ಹೆಸರನ್ನು ಓದುವುದು ಪ್ರಧಾನವಾಗಿ ತಂತ್ರಾಂಶಗಳು. ಲಿನಕ್ಸ್‌ನಲ್ಲಿ ಈ ಎರಡೂ ಹೋಗಿ ಸೇರುವುದು ಒಂದೇ ಕಡತಕ್ಕೆ. ಪ್ರತಿಯೊಬ್ಬ ಬಳಕೆದಾರನಿಗೂ ಅದರಲ್ಲಿ ಒಂದೊಂದು ಸಾಲು. ಸಾಲಿನಲ್ಲಿ ಏಳು ಭಾಗಗಳು: ಬಳಕೆದಾರ ಹೆಸರು, ಹಿಂದೆ ಗುಪ್ತಪದ ಇರುತ್ತಿದ್ದು ಈಗ ಕೇವಲ ಸಂಕೇತಾಕ್ಷರ ಉಳಿದಿರುವ ಸ್ಥಾನ, ಬಳಕೆದಾರನ ಸಂಖ್ಯೆ, ಗುಂಪಿನ ಸಂಖ್ಯೆ, ಪೂರ್ಣನಾಮಾದಿ ವಿವರ, ಮನೆಯೆಂದು ಕರೆಯುವ ಕಡತಕೋಶದ ವಿಳಾಸ, ಮತ್ತು ಆಜ್ಞೆಗಳನ್ನು ಸ್ವೀಕರಿಸುವ ತಂತ್ರಾಂಶದ ವಿಳಾಸ. ಒಂದು ಭಾಗವನ್ನು ಇನ್ನೊಂದರಿಂದ ಬೇರ್ಪಡಿಸುವುದು ಕೋಲನ್ ಚಿಹ್ನೆ. ಈ ವಿನ್ಯಾಸ ಲಿನಕ್ಸ್‌ನ ಸ್ವಂತದ್ದಲ್ಲ. 1969ರಲ್ಲಿ ಅಮೆರಿಕೆಯ ಬೆಲ್ ಪ್ರಯೋಗಶಾಲೆಯಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚ್ಚಿ ಆರಂಭಿಸಿದ ಯುನಿಕ್ಸ್‌ನಿಂದ ಬಂದ ಪಿತ್ರಾರ್ಜಿತ. ಪೂರ್ಣನಾಮದ ಭಾಗಕ್ಕೆ ಇಂದಿಗೂ ‘ಜೀಕಾಸ್’ ಎಂಬ ವಿಚಿತ್ರ ಹೆಸರಿರುವುದು, ಆ ಪ್ರಯೋಗಶಾಲೆಯವರು ಮುದ್ರಣಕ್ಕಾಗಿ ಕಾಗದಗಳನ್ನು ಕಳುಹಿಸುತ್ತಿದ್ದ ಬೇರೊಂದು ಯಂತ್ರದ ಕಾರ್ಯಾಚರಣ ವ್ಯವಸ್ಥೆಯ ಸ್ಮರಣಾರ್ಥವಾಗಿ. ಅಲ್ಲಿನ ಲೆಕ್ಕದ ಗುರುತನ್ನು ಆ ಸ್ಥಾನದಲ್ಲಿ ಬರೆದಿಡುತ್ತಿದ್ದರಂತೆ, ಯಂತ್ರ ಹೋದರೂ ಹೆಸರು ಉಳಿಯಿತು.

ಈ ಏಳು ಭಾಗಗಳ ಸಾಲನ್ನು ಕಣ್ಣ ಮುಂದಿಟ್ಟುಕೊಂಡರೆ ನಿಷಿದ್ಧ ಚಿಹ್ನೆಗಳ ರಹಸ್ಯ ತಾನಾಗಿ ಬಿಚ್ಚಿಕೊಳ್ಳುತ್ತದೆ. ಹೆಸರಿನಲ್ಲಿಯೇ ಕೋಲನ್ ಇದ್ದರೆ ಏಳು ಭಾಗಗಳು ಎಂಟಾಗಿ, ಸಂಖ್ಯೆ ಇರಬೇಕಾದಲ್ಲಿ ಅಕ್ಷರ ಬಂದು, ಸಾಲೇ ನಿರರ್ಥಕವಾಗುತ್ತದೆ. ಓರೆಗೆರೆಯು ಕಡತಕೋಶದ ವಿಳಾಸದಲ್ಲಿ ಒಂದು ಮೆಟ್ಟಿಲನ್ನು ಇನ್ನೊಂದರಿಂದ ಬೇರ್ಪಡಿಸುವ ಚಿಹ್ನೆಯಾದ್ದರಿಂದ, ಬಳಕೆದಾರ ಹೆಸರನ್ನೇ ಹೊತ್ತು ನಿಲ್ಲುವ ಮನೆಕೋಶದ ವಿಳಾಸವನ್ನು ಅದು ಒಡೆದುಬಿಡುತ್ತದೆ. ಖಾಲಿ ಸ್ಥಳವು ಆಜ್ಞೆಯ ಪದಗಳನ್ನು ಬೇರ್ಪಡಿಸುವಂಥದ್ದು. ಎರಡು ಪದಗಳ ಹೆಸರನ್ನು ಆಜ್ಞೆಯು ಇಬ್ಬರು ವ್ಯಕ್ತಿಗಳೆಂದೇ ಭಾವಿಸುವುದು. ಕಿರುಗೆರೆ ನಡುವೆ ಬಂದರೆ ಅನೇಕ ಸ್ಥಾಪಕಗಳು, ಅಂದರೆ ವ್ಯವಸ್ಥೆಯನ್ನು ಸ್ಥಾಪಿಸಿಕೊಡುವ ತಂತ್ರಾಂಶಗಳು, ಒಪ್ಪುತ್ತವೆ. ಆದರೆ ಮೊದಲಿಗೆ ಬಂದರೆ ಅದು ಹೆಸರಾಗದೆ ಆಜ್ಞೆಗೆ ಕೊಟ್ಟ ಆಯ್ಕೆಯಾಗುತ್ತದೆ, ಯುನಿಕ್ಸ್ ಸಂಪ್ರದಾಯದಲ್ಲಿ ಆಯ್ಕೆಗಳೆಲ್ಲ ಕಿರುಗೆರೆಯಿಂದಲೇ ಪ್ರಾರಂಭವಾಗುವುದರಿಂದ. ಮೊದಲಿಗೆ ಬರುವ ಸಂಕಲನ ಚಿಹ್ನೆಗೆ ಇನ್ನೊಂದು ಪೂರ್ವೋತ್ತರವುಂಟು: ಅನೇಕ ಗಣಕಗಳು ಒಂದೇ ಬಳಕೆದಾರ ಪಟ್ಟಿಯನ್ನು ಜಾಲದ ಮೂಲಕ ಹಂಚಿಕೊಳ್ಳುತ್ತಿದ್ದ ಕಾಲದಲ್ಲಿ, ಆ ಕಡತದ ಒಂದು ಸಾಲು ಸಂಕಲನ ಚಿಹ್ನೆಯಿಂದ ಆರಂಭವಾದರೆ ಜಾಲದ ಪಟ್ಟಿಯನ್ನು ಇಲ್ಲಿ ಸೇರಿಸು ಎಂಬ ಅರ್ಥ, ವ್ಯವಕಲನ ಚಿಹ್ನೆಯಿಂದ ಆರಂಭವಾದರೆ ಇವನನ್ನು ಬಿಡು ಎಂಬ ಅರ್ಥ ರೂಢಿಯಲ್ಲಿತ್ತು.

ನಮ್ಮವರಿಗೆ ಅತ್ಯಂತ ಸಹಜವಾದುದೂ, ಅದೇ ಕಾರಣದಿಂದ ಅತ್ಯಂತ ಹೆಚ್ಚಾಗಿ ತೊಡಕುಂಟುಮಾಡುವುದೂ ಚುಕ್ಕೆ. ಒಂದು ಕಡತದ ಒಡೆತನವನ್ನು ಬದಲಿಸುವ ‘ಚೌನ್’ ಎಂಬ ಹಳೆಯ ಆಜ್ಞೆಯು ಒಡೆಯನ ಹೆಸರನ್ನೂ ಗುಂಪಿನ ಹೆಸರನ್ನೂ ಒಟ್ಟಿಗೆ ತೆಗೆದುಕೊಳ್ಳುವಾಗ ಇವೆರಡರ ನಡುವೆ ಹಿಂದೆ ಚುಕ್ಕೆಯನ್ನು ಒಪ್ಪುತ್ತಿತ್ತು. ಈಗ ಆ ಸ್ಥಾನಕ್ಕೆ ಕೋಲನ್ ಬಂದಿದೆಯಾದರೂ ಪೂರ್ವದ ರೂಢಿ ಪೂರ್ತಿ ಅಳಿದಿಲ್ಲ. ಆದುದರಿಂದ ಮೊದಲಕ್ಷರಗಳ ಪಕ್ಕದ ಚುಕ್ಕೆಯು ಒಂದು ಹೆಸರನ್ನು ಒಡೆಯ ಮತ್ತು ಗುಂಪು ಎಂದು ಇಬ್ಭಾಗ ಮಾಡಬಲ್ಲ ಸಾಧ್ಯತೆಯೊಂದಿತ್ತು. ಕೇವಲ ಒಂದು ಚುಕ್ಕೆ ಅಥವಾ ಎರಡು ಚುಕ್ಕೆಗಳ ಹೆಸರಂತೂ ಸರ್ವಥಾ ನಿಷಿದ್ಧ. ಯುನಿಕ್ಸ್‌ನಲ್ಲಿ ಒಂದು ಚುಕ್ಕೆಯೆಂದರೆ ಈಗಿರುವ ಕೋಶ, ಎರಡು ಚುಕ್ಕೆಗಳೆಂದರೆ ಅದರ ಮೇಲಿನ ಕೋಶ, ಹೀಗಾಗಿ ಎರಡು ಚುಕ್ಕೆಗಳ ಹೆಸರಿನ ಬಳಕೆದಾರನ ಮನೆಯು ಇಡೀ ವ್ಯವಸ್ಥೆಯ ಮೂಲಕೋಶವೇ ಆಗಿಬಿಡುವ ಅಪಾಯವಿದೆ.

ದೊಡ್ಡಕ್ಷರಗಳ ಕಥೆ ನನಗೆ ಪ್ರಿಯವಾದದ್ದು. ಯುನಿಕ್ಸ್‌ನ ಬಾಲ್ಯದಲ್ಲಿ ಗಣಕದೊಡನೆ ಮಾತನಾಡಲು ಬಳಸುತ್ತಿದ್ದ ಟೆಲಿಟೈಪ್ ಯಂತ್ರಗಳಲ್ಲಿ ಬಹು ಪ್ರಸಿದ್ಧವಾದ 33ನೆಯ ಮಾದರಿಗೆ ಸಣ್ಣಕ್ಷರಗಳೇ ಇರಲಿಲ್ಲ. ಯಾರಾದರೂ ತಮ್ಮ ಹೆಸರನ್ನು ಸಂಪೂರ್ಣವಾಗಿ ದೊಡ್ಡಕ್ಷರಗಳಲ್ಲಿ ಒತ್ತಿದರೆ, ಈ ಬಡಪಾಯಿಯ ಯಂತ್ರದಲ್ಲಿ ಸಣ್ಣಕ್ಷರಗಳಿಲ್ಲವೆಂದು ವ್ಯವಸ್ಥೆಯು ಊಹಿಸಿ, ಅಲ್ಲಿಂದ ಮುಂದೆ ಬಂದ ಅಕ್ಷರಗಳನ್ನೆಲ್ಲ ತಾನೇ ಸಣ್ಣಕ್ಷರಗಳಿಗೆ ಇಳಿಸಿಕೊಳ್ಳುತ್ತಿತ್ತು. ಸೌಜನ್ಯದಿಂದ ಹುಟ್ಟಿದ ಈ ಏರ್ಪಾಡಿನಲ್ಲಿ ದೊಡ್ಡಕ್ಷರದ ಹೆಸರಿನವನು ಒಳಹೋಗುವುದೇ ದುಸ್ಸಾಧ್ಯವಾಗುತ್ತಿತ್ತು. ಆ ಯಂತ್ರಗಳು ವಸ್ತುಸಂಗ್ರಹಾಲಯಗಳನ್ನು ಸೇರಿದುವು. ಸಣ್ಣಕ್ಷರದ ರೂಢಿ ಉಳಿಯಿತು. ಇಂದು ಅದಕ್ಕೆ ಬೇರೊಂದು ಸಮರ್ಥನೆಯೂ ಇದೆ. ಲಿನಕ್ಸ್ ದೊಡ್ಡಕ್ಷರ ಸಣ್ಣಕ್ಷರಗಳ ಭೇದವನ್ನು ಕಟ್ಟುನಿಟ್ಟಾಗಿ ಎಣಿಸುತ್ತದೆ, ಅಂಚೆಯನ್ನು ತಲುಪಿಸುವ ತಂತ್ರಾಂಶಗಳು ಸಾಮಾನ್ಯವಾಗಿ ಎಣಿಸುವುದಿಲ್ಲ. ಒಂದರ ದೃಷ್ಟಿಯಲ್ಲಿ ಇಬ್ಬರಾದವರು ಇನ್ನೊಂದರ ದೃಷ್ಟಿಯಲ್ಲಿ ಒಬ್ಬರಾದರೆ ಗೊಂದಲ ತಪ್ಪಿದ್ದಲ್ಲ.

ಇನ್ನು ಅಂಕಿಗಳು. ನಮ್ಮ ದೇಶದಲ್ಲಿ ಮೊಬೈಲ್ ಸಂಖ್ಯೆಯೇ ಎಲ್ಲ ಬಾಗಿಲುಗಳ ಕೀಲಿಯಾಗಿರುವ ಈ ದಿನಗಳಲ್ಲಿ ಅದನ್ನೇ ಗಣಕಕ್ಕೂ ಹೇಳಬೇಕೆಂದು ತೋರುವುದು ಸ್ವಾಭಾವಿಕ. ಆದರೆ ವ್ಯವಸ್ಥೆಯು ಅಂತರಂಗದಲ್ಲಿ ಬಳಕೆದಾರನನ್ನು ಗುರುತಿಸುವುದು ಹೆಸರಿನಿಂದಲ್ಲ, ಸಂಖ್ಯೆಯಿಂದ. ಸರ್ವಾಧಿಕಾರಿಯಾದ ‘ರೂಟ್’ನ ಸಂಖ್ಯೆ ಸೊನ್ನೆ, ಡೆಬಿಯನ್, ಉಬುಂಟು ಮೊದಲಾದ ಲಿನಕ್ಸ್ ಪ್ರಭೇದಗಳಲ್ಲಿ ಸ್ಥಾಪನೆಯ ಕಾಲದಲ್ಲಿ ಸೃಷ್ಟಿಯಾಗುವ ಪ್ರಥಮ ಮನುಷ್ಯನ ಸಂಖ್ಯೆ 1000, ಕಡತದ ಮೇಲೆ ಒಡೆಯನೆಂದು ಬರೆದಿರುವುದು ಈ ಸಂಖ್ಯೆಯೇ. ಒಡೆತನ ಬದಲಿಸುವ ಆಜ್ಞೆಗೆ ಹೆಸರನ್ನಾದರೂ ಕೊಡಬಹುದು, ಸಂಖ್ಯೆಯನ್ನಾದರೂ ಕೊಡಬಹುದು. ಹೆಸರೇ ಸಂಖ್ಯೆಯ ರೂಪದಲ್ಲಿದ್ದರೆ ಆಜ್ಞೆಯು ಯಾರನ್ನು ಉದ್ದೇಶಿಸಿದೆಯೆಂಬುದು ಸಂದಿಗ್ಧವಾಗುತ್ತದೆ. ಅಂಕಿಯಿಂದ ಆರಂಭವಾಗುವ ಹೆಸರು ಎಂಥ ವಿಪರೀತಕ್ಕೆ ಎಡೆಗೊಡಬಹುದೆಂಬುದು 2017ರಲ್ಲಿ ಪ್ರಕಟವಾಯಿತು. ಇಂದಿನ ಬಹುತೇಕ ಲಿನಕ್ಸ್‌ಗಳಲ್ಲಿ ಸೇವೆಗಳನ್ನು ನಡೆಸುವ ‘ಸಿಸ್ಟಮ್‌ಡಿ’ ಎಂಬ ತಂತ್ರಾಂಶಕ್ಕೆ, ಈ ಸೇವೆಯನ್ನು ಇಂಥ ಬಳಕೆದಾರನ ಅಧಿಕಾರದಲ್ಲಿ ನಡೆಸು ಎಂದು ಬರೆದುಕೊಡುವುದುಂಟು. ಆ ಬಳಕೆದಾರನ ಹೆಸರು ಸೊನ್ನೆಯ ಅಂಕಿಯಿಂದ ಆರಂಭವಾಗಿದ್ದ ಒಂದು ಪ್ರಸಂಗದಲ್ಲಿ, ಅದು ಆ ಹೆಸರು ಸಿಂಧುವಲ್ಲವೆಂದು ಭಾವಿಸಿ, ಆ ಸಾಲನ್ನೇ ಉಪೇಕ್ಷಿಸಿ, ಯಾರ ಹೆಸರೂ ಇಲ್ಲದ ಪಕ್ಷದಲ್ಲಿ ಮಾಡುವಂತೆ ಸೇವೆಯನ್ನು ಸರ್ವಾಧಿಕಾರಿಯ ಅಧಿಕಾರದಲ್ಲಿಯೇ ನಡೆಸಿತು. ಬಳಕೆದಾರನನ್ನು ಸೃಷ್ಟಿಸಿದ ತಂತ್ರಾಂಶಕ್ಕೆ ಆ ಹೆಸರು ಒಪ್ಪಿಗೆಯಾಗಿತ್ತು, ಸೇವೆ ನಡೆಸುವ ತಂತ್ರಾಂಶಕ್ಕೆ ಒಪ್ಪಿಗೆಯಾಗಲಿಲ್ಲ; ಇವೆರಡರ ಭಿನ್ನಾಭಿಪ್ರಾಯದ ನಡುವೆ ಸಾಮಾನ್ಯನಿಗೆ ಅರಸನ ಮುದ್ರೆ ಸಿಕ್ಕಿದಂತಾಯಿತು. ಮೊದಲಿಗೆ ಇದು ದೋಷವೇ ಅಲ್ಲವೆಂಬ ವಾದವೂ ಬಂದು, ಬಹಳ ಚರ್ಚೆಯಾಗಿ, ಅನಂತರ ಅಂಥ ಸೇವೆಯನ್ನು ನಡೆಸದೆ ನಿರಾಕರಿಸುವಂತೆ ತಿದ್ದುಪಡಿಯಾಯಿತು. ಸ್ಥಾಪಕವು ಒಪ್ಪಿತೆಂದ ಮಾತ್ರಕ್ಕೆ ಹೆಸರು ಯೋಗ್ಯವಾಯಿತೆಂದು ಭಾವಿಸಬಾರದೆಂಬ ನನ್ನ ಮಾತಿಗೆ ಇದಕ್ಕಿಂತ ಬಲವಾದ ನಿದರ್ಶನವನ್ನು ನಾನು ಅರಿಯೆ. ಆ ಹೆಸರನ್ನು ಮುಂದೆ ಓದಲಿರುವ ತಂತ್ರಾಂಶಗಳು ನೂರಾರು. ಅವುಗಳಲ್ಲಿ ಅತ್ಯಂತ ಕಟ್ಟುನಿಟ್ಟಾದದ್ದು ಯಾವುದೋ ಅದು ಒಪ್ಪುವಂಥದ್ದನ್ನೇ ಆರಿಸಿಕೊಳ್ಳತಕ್ಕದ್ದು.

ಉದ್ದದ ವಿಷಯದಲ್ಲಿಯೂ ಇದೇ ನ್ಯಾಯ. ಡೆಬಿಯನ್ ಸ್ಥಾಪಕವು 32 ಅಕ್ಷರಗಳವರೆಗೆ ಬಿಡುತ್ತದೆ. ಯಾರು ಯಾವಾಗ ಒಳಬಂದರೆಂಬುದನ್ನು ದಾಖಲಿಸುವ ಕಡತದಲ್ಲಿ ಹೆಸರಿಗೆ ಕಾದಿರಿಸಿದ ಸ್ಥಳ ಅಷ್ಟೇ. ಆದರೆ ಹಿಂದಿನ ಯುನಿಕ್ಸ್‌ಗಳಲ್ಲಿ ಎಂಟಕ್ಷರಗಳ ಮಿತಿಯಿತ್ತು, ಅದರ ಗುರುತು ಇನ್ನೂ ಮಾಸಿಲ್ಲ: ನಡೆಯುತ್ತಿರುವ ಕಾರ್ಯಗಳನ್ನು ಪಟ್ಟಿಮಾಡುವ ಆಜ್ಞೆಯು ಹೆಸರಿಗೆ ಎಂಟು ಅಂಕಣಗಳನ್ನೇ ಕೊಡುವುದರಿಂದ, ಅದಕ್ಕಿಂತ ಉದ್ದವಾದ ಹೆಸರಿನ ಸ್ಥಾನದಲ್ಲಿ ಹಳೆಯ ಆವೃತ್ತಿಗಳಲ್ಲಿ ಬರಿಯ ಸಂಖ್ಯೆಯನ್ನೂ, ಹೊಸ ಆವೃತ್ತಿಗಳಲ್ಲಿ ತುಂಡಾದ ಹೆಸರಿನ ಕೊನೆಗೊಂದು ಸಂಕಲನ ಚಿಹ್ನೆಯನ್ನೂ ಕಾಣುತ್ತೇವೆ. ಎಂಟರೊಳಗಿನ ಹೆಸರಿಗೆ ಈ ಯಾವ ಬಾಧೆಯೂ ಇಲ್ಲ.

ಕೆಲವು ಹೆಸರುಗಳು ರೂಪದಲ್ಲಿ ನಿರ್ದುಷ್ಟವಾಗಿದ್ದರೂ ಆಗಲೇ ಬೇರೆಯವರಿಗೆ ಸಂದಿರುತ್ತವೆ. ಲಿನಕ್ಸ್‌ನೊಳಗೆ ನಾವು ಕಾಲಿಡುವ ಮುಂಚೆಯೇ ರೂಟ್, ಡೀಮನ್, ಬಿನ್, ಮೇಲ್, ನ್ಯೂಸ್, ಗೇಮ್ಸ್, ಮ್ಯಾನ್, ಬ್ಯಾಕಪ್, ಪ್ರಾಕ್ಸಿ, ನೋಬಡಿ ಮೊದಲಾದ ಅದೃಶ್ಯ ನಿವಾಸಿಗಳಿರುತ್ತಾರೆ. ನಮ್ಮ ಪಹಣಿಗಳಲ್ಲಿ ತಂದೆಯ ಹೆಸರಿನ ಹಿಂದೆ ಬರುವ ‘ಬಿನ್’ ಬೇರೆ. ಇಲ್ಲಿನದು ಯಂತ್ರಭಾಷೆಯ ಕಡತಗಳಿಗೆ ಸಂಬಂಧಿಸಿದ್ದು. ಇವರ ಹೆಸರುಗಳನ್ನು ಬರೆದರೆ, ಅದು ವ್ಯವಸ್ಥೆಯ ಬಳಕೆಗೆ ಮೀಸಲಾದುದೆಂದು ಸ್ಥಾಪಕ ತಿಳಿಸುತ್ತದೆ. ಗುಂಪುಗಳ ಹೆಸರುಗಳನ್ನೂ ತಪ್ಪಿಸಬೇಕು, ಏಕೆಂದರೆ ಡೆಬಿಯನ್ ಸಂಪ್ರದಾಯದಲ್ಲಿ ಪ್ರತಿಯೊಬ್ಬ ಬಳಕೆದಾರನೊಂದಿಗೂ ಅವನದೇ ಹೆಸರಿನ ಗುಂಪೊಂದು ಹುಟ್ಟುತ್ತದೆ. ಆಡಿಯೊ, ವಿಡಿಯೊ, ಸ್ಟಾಫ್, ಯೂಸರ್ಸ್ ಎಂಬ ಗುಂಪುಗಳು ಮೊದಲೇ ಇರುವುದರಿಂದ ಆ ಹೆಸರಿನ ಇನ್ನೊಂದು ಗುಂಪಿಗೆ ಅಲ್ಲಿ ಸ್ಥಾನವಿಲ್ಲ. ಉಬುಂಟುವಿನಲ್ಲಿ 12.04ನೆಯ ಆವೃತ್ತಿಗೆ ಮುಂಚೆ ಆಡಳಿತಾಧಿಕಾರವುಳ್ಳವರ ಗುಂಪಿಗೇ ‘ಅಡ್ಮಿನ್’ ಎಂಬ ಹೆಸರಿತ್ತು. ಶಾಲೆ, ಕಚೇರಿಗಳಲ್ಲಿ ಮೊದಲು ನೆನಪಿಗೆ ಬರುವ ಹೆಸರೂ ಅದೇ. ಅಡ್ಮಿನ್, ಟೆಸ್ಟ್, ಯೂಸರ್, ಗೆಸ್ಟ್ ಎಂಬಿವನ್ನು ಯಂತ್ರ ಒಪ್ಪಿದರೂ ನಾವು ಒಪ್ಪಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ. ಅಂತರಜಾಲಕ್ಕೆ ತೆರೆದಿರುವ ಗಣಕದ ಬಾಗಿಲನ್ನು ಅಹರ್ನಿಶಿ ತಟ್ಟುವ ದುಷ್ಟ ತಂತ್ರಾಂಶಗಳು ಮೊದಲು ಪರೀಕ್ಷಿಸುವುದು ಇಂಥ ಸಾಧಾರಣ ಹೆಸರುಗಳನ್ನೇ. ಹೆಸರು ಗುಪ್ತವಾದ ವಸ್ತುವಲ್ಲವೆಂಬುದು ನಿಜ, ಆದರೂ ಕಳ್ಳನಿಗೆ ಅರ್ಧ ಕೆಲಸವನ್ನು ನಾವೇ ಮುಗಿಸಿಕೊಡಬೇಕಾಗಿಲ್ಲ. ನಮ್ಮ ವಿದ್ಯಾರ್ಥಿಗಳಿಗೆ ಪರಿಚಿತವಾದ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಗಣಕದ ವ್ಯವಸ್ಥೆಯಲ್ಲಿ ಎಲ್ಲರಿಗೂ ‘ಪೈ’ ಎಂಬ ಒಂದೇ ಹೆಸರು ಸಿದ್ಧವಾಗಿ ಬರುತ್ತಿದ್ದುದನ್ನು 2022ರ ಏಪ್ರಿಲ್‌ನಲ್ಲಿ ತೆಗೆದುಹಾಕಿ, ಪ್ರತಿಯೊಬ್ಬನೂ ಮೊದಲ ಬಾರಿಗೆ ತನ್ನ ಹೆಸರನ್ನು ತಾನೇ ಆರಿಸಿಕೊಳ್ಳುವಂತೆ ಮಾಡಿದುದು ಇದೇ ಕಾರಣದಿಂದ.

ಇಷ್ಟಾದ ಮೇಲೆ ಅಧ್ಯಾಪಕರ ಮೊದಲ ಪ್ರಯತ್ನಕ್ಕೆ ಬರೋಣ. ಕನ್ನಡದಲ್ಲಿ ಬರೆದ ಹೆಸರನ್ನು ಯಂತ್ರ ಏಕೆ ಒಪ್ಪಲಿಲ್ಲ? ಸ್ಥಾಪಕದ ಪರದೆಗಳು ಕನ್ನಡದಲ್ಲಿರುವಾಗ (ಡೆಬಿಯನ್‌ನ ಚಿತ್ರಾತ್ಮಕ ಸ್ಥಾಪಕದಲ್ಲಿ ಕನ್ನಡವನ್ನು ಆರಿಸಿಕೊಳ್ಳಬಹುದು) ಹೆಸರು ಮಾತ್ರ ಪರಲಿಪಿಯಲ್ಲಿರಬೇಕೆಂಬುದು ಅಭಿಮಾನಕ್ಕೆ ನಾಟುವ ವಿಷಯ, ನನಗೂ ನಾಟಿದ್ದುಂಟು. ಆದರೆ ಕಾರಣಗಳನ್ನು ವಿಚಾರಿಸಿದಾಗ ಅಲ್ಲಿ ತಿರಸ್ಕಾರವಿಲ್ಲ, ನಮ್ಮ ಲಿಪಿಯ ಸಮೃದ್ಧಿಯಿಂದಲೇ ಹುಟ್ಟುವ ಕೆಲವು ತೊಡಕುಗಳಿವೆ. ‘ಸರೋಜಾ’ ಎಂಬ ಹೆಸರಿನ ಓಕಾರದ ಸ್ವರಚಿಹ್ನೆಯನ್ನು ಯುನಿಕೋಡ್ ಒಂದೇ ಸಂಕೇತವಾಗಿಯೂ ಬರೆಯಗೊಡುತ್ತದೆ, ಎತ್ವ, ಕೊಂಬಿನ ದೀರ್ಘ, ದೀರ್ಘದ ಗುರುತು ಎಂಬ ಮೂರು ಸಂಕೇತಗಳ ಸರಣಿಯಾಗಿಯೂ ಬರೆಯಗೊಡುತ್ತದೆ. ಕಣ್ಣಿಗೆ ಎರಡೂ ಒಂದೇ. ಬೈಟುಗಳನ್ನು ಒಂದೊಂದಾಗಿ ಹೋಲಿಸುವ ಯಂತ್ರಕ್ಕೆ ಅವು ಬೇರೆ ಬೇರೆ ಹೆಂಗಸರು. ‘ಕಿರಣ್’ ಎಂದು ವ್ಯಂಜನದಲ್ಲಿ ಮುಗಿಯುವ ಹೆಸರಿನ ಕೊನೆಗೆ ಕೆಲವು ಬರವಣಿಗೆಯ ಉಪಕರಣಗಳು ಅದೃಶ್ಯವಾದ ಒಂದು ವಿಭಾಜಕ ಸಂಕೇತವನ್ನು ಸೇರಿಸುತ್ತವೆ, ಕೆಲವು ಸೇರಿಸುವುದಿಲ್ಲ. ‘ಸೂರ್ಯ’ ಎಂಬುದನ್ನು ಅರ್ಕಾವೊತ್ತಿನಿಂದಲೂ ಬರೆಯಬಹುದು, ರಕಾರವನ್ನು ಪೂರ್ಣವಾಗಿ ನಿಲ್ಲಿಸಿ ಯಕಾರವನ್ನು ಒತ್ತಾಗಿಸಿಯೂ ಬರೆಯಬಹುದು. ಓದುವವನು ಇವೆರಡನ್ನೂ ಒಬ್ಬನ ಹೆಸರೆಂದೇ ತಿಳಿಯುತ್ತಾನೆ. ಇಂದು ಒಂದು ಕೀಲಿಮಣೆಯಿಂದ ಬರೆದ ಹೆಸರನ್ನು ನಾಳೆ ಇನ್ನೊಂದು ಕೀಲಿಮಣೆಯಿಂದ ಬರೆದಾಗ, ಗುಪ್ತಪದ ಸರಿಯಾಗಿಯೇ ಇದ್ದರೂ ಬಾಗಿಲು ತೆರೆಯದೆ, ಏಕೆ ತೆರೆಯಲಿಲ್ಲವೆಂಬುದು ಕಣ್ಣಿಗೆ ಕಾಣದೆ ಹೋಗುವುದು ಎಂಥ ಯಾತನೆ!

ಉದ್ದದ ಲೆಕ್ಕವೂ ಹೀಗೆಯೇ. ನಾವು ‘ಲಕ್ಷ್ಮೀನಾರಾಯಣ’ ಎಂಬಲ್ಲಿ ಆರು ಅಕ್ಷರಗಳನ್ನು ಎಣಿಸುತ್ತೇವೆ. ಯುನಿಕೋಡ್ ಅದರಲ್ಲಿ ವ್ಯಂಜನ, ವಿರಾಮ, ಸ್ವರಚಿಹ್ನೆಗಳನ್ನು ಬಿಡಿಬಿಡಿಯಾಗಿ ಎಣಿಸಿ 13 ಸಂಕೇತಗಳನ್ನು ಕಾಣುತ್ತದೆ. ಇಂದು ಸಾರ್ವತ್ರಿಕವಾದ ಯುಟಿಎಫ್-8 ಪದ್ಧತಿಯಲ್ಲಿ ಒಂದೊಂದು ಕನ್ನಡ ಸಂಕೇತಕ್ಕೂ ಮೂರು ಬೈಟುಗಳಾದುದರಿಂದ ಅದು 39 ಬೈಟುಗಳಾಗಿ, 32ರ ಸ್ಥಳದಲ್ಲಿ ಹಿಡಿಸದೆ ಹೋಗುತ್ತದೆ. ಅದೇ ಹೆಸರು ಇಂಗ್ಲಿಷ್ ಲಿಪಿಯಲ್ಲಿ 15 ಅಕ್ಷರ, 15 ಬೈಟು.

ಎಲ್ಲಕ್ಕಿಂತ ಮುಖ್ಯವಾದ ಕಾರಣ ಇನ್ನೊಂದು, ಅದು ಆಪತ್ಕಾಲಕ್ಕೆ ಸಂಬಂಧಿಸಿದ್ದು. ಯಾವುದೋ ನವೀಕರಣದ ತರುವಾಯ ಚಿತ್ರಾತ್ಮಕ ಪರದೆ ಏಳದೆ, ಕಪ್ಪು ಹಿನ್ನೆಲೆಯ ಮೇಲೆ ‘ಲಾಗಿನ್’ ಎಂಬ ಒಂದೇ ಪದ ಮಿನುಗುತ್ತಿರುವ ಹೊತ್ತು ಲಿನಕ್ಸ್ ಬಳಸುವ ಯಾರಿಗಾದರೂ ಒಮ್ಮೆ ಬಂದೇ ಬರುತ್ತದೆ. ಆ ಕಪ್ಪು ಪರದೆಯ ಅಕ್ಷರಭಂಡಾರದಲ್ಲಿ ಇರಬಲ್ಲುದು ಹೆಚ್ಚೆಂದರೆ 512 ಆಕೃತಿಗಳು. ಒತ್ತಕ್ಷರಗಳನ್ನು ಜೋಡಿಸಿ ಮೂಡಿಸುವ ಸಾಮರ್ಥ್ಯ ಅದಕ್ಕಿಲ್ಲ. ನಾವು ಅಭ್ಯಾಸ ಮಾಡಿಕೊಂಡ ಕನ್ನಡ ಕೀಲಿಮಣೆಯೂ ಅಲ್ಲಿಗೆ ಬರುವುದಿಲ್ಲ. ಆ ಗಳಿಗೆಯಲ್ಲಿ ನಮ್ಮ ಗಣಕವನ್ನು ನಾವೇ ದುರಸ್ತಿ ಮಾಡಬೇಕಾದರೆ, ಯಾವ ಕೀಲಿಮಣೆಯಿಂದಲಾದರೂ ಯಾವ ಸಹಾಯವೂ ಇಲ್ಲದೆ ಒತ್ತಬಹುದಾದ ಹೆಸರು ಬೇಕು. ಈ ದೃಷ್ಟಿಯಿಂದಲೇ, ಸ್ಥಾಪನೆಯ ಕಾಲದಲ್ಲಿ ಕನ್ನಡ ಕೀಲಿಮಣೆಯನ್ನು ಆರಿಸಿಕೊಂಡವರನ್ನು ಸ್ಥಾಪಕವು ಎರಡು ಲಿಪಿಗಳ ನಡುವೆ ಹೋಗಿಬರಲು ಯಾವ ಕೀಲಿ ಬೇಕೆಂದು ಕೇಳುವಾಗ, ಅದನ್ನು ಅಲಕ್ಷಿಸದೆ ಒಂದು ಕಾಗದದಲ್ಲಿ ಬರೆದಿಟ್ಟುಕೊಳ್ಳಬೇಕು.

ಹಾಗಾದರೆ ಕನ್ನಡಕ್ಕೆ ಅಲ್ಲಿ ಸ್ಥಾನವೇ ಇಲ್ಲವೆ? ಧಾರಾಳವಾಗಿ ಇದೆ, ಪೂರ್ಣನಾಮದ ಚೌಕದಲ್ಲಿ. ಅಲ್ಲಿ ಕನ್ನಡದಲ್ಲಿಯೇ, ಚುಕ್ಕೆಗಳೊಡನೆ, ಖಾಲಿ ಸ್ಥಳಗಳೊಡನೆ ಬರೆಯಬಹುದು. ಪ್ರವೇಶದ ಪರದೆಯಲ್ಲಿ ಕಾಣುವುದು ಸಾಮಾನ್ಯವಾಗಿ ಆ ಹೆಸರೇ. ಕೋಲನ್ ಮತ್ತು ಅಲ್ಪವಿರಾಮಗಳನ್ನು ಮಾತ್ರ ಅಲ್ಲಿಯೂ ಬಿಡಬೇಕು. ಜೀಕಾಸ್ ಭಾಗದೊಳಗೆ ಹೆಸರು, ಕೊಠಡಿ, ದೂರವಾಣಿಗಳನ್ನು ಬೇರ್ಪಡಿಸುವುದು ಅಲ್ಪವಿರಾಮವಾದುದರಿಂದ, ಹೆಸರಿನ ಮುಂದೆ ಅಲ್ಪವಿರಾಮ ಹಾಕಿ ಎಂ.ಎ. ಎಂದು ಬರೆದವರ ಪದವಿಯು ಅವರ ಕೊಠಡಿಯ ಸಂಖ್ಯೆಯಾಗಿಬಿಡುತ್ತದೆ.

ಇನ್ನು ಬಳಕೆದಾರ ಹೆಸರನ್ನು ಕಟ್ಟುವ ಕ್ರಮ. ಡೆಬಿಯನ್ ಸ್ಥಾಪಕವು, ನಿಮ್ಮ ಮೊದಲ ಹೆಸರನ್ನು ಇಟ್ಟುಕೊಳ್ಳುವುದು ಯುಕ್ತವೆಂದು ಸಲಹೆ ಕೊಡುತ್ತದೆ. ಫೆಡೋರಾ ಎಂಬ ಇನ್ನೊಂದು ಲಿನಕ್ಸ್ ಪ್ರಭೇದದಲ್ಲಿ ಬಳಕೆಯಾಗುವ ‘ಅನಕೊಂಡಾ’ ಎಂಬ ಸ್ಥಾಪಕವು ಮೊದಲ ಹೆಸರಿನ ಮೊದಲಕ್ಷರಕ್ಕೆ ಕೊನೆಯ ಹೆಸರನ್ನು ಜೋಡಿಸಿ ತಾನೇ ಒಂದನ್ನು ಊಹಿಸುತ್ತದೆ. ಮೊದಲ ಹೆಸರು ಸ್ವಂತದ್ದು, ಕೊನೆಯದು ಮನೆತನದ್ದು ಎಂಬ ಪಾಶ್ಚಾತ್ಯ ಪದ್ಧತಿಯಿಂದ ಬಂದ ಈ ಊಹೆಗಳು ನಮಗೆ ಅನ್ವಯಿಸುವುದಿಲ್ಲ. ನಮ್ಮಲ್ಲಿ ಮೊದಲು ಬರುವುದು ಊರು, ಆಮೇಲೆ ತಂದೆ, ಕಡೆಯಲ್ಲಿ ನಾವು. ಹಾಗಿರುವಾಗ ಮೊದಲ ಪದವನ್ನು ಹೆಸರೆಂದು ಹಿಡಿದ ಯಂತ್ರವು ಊರಿನ ಒಂಟಿ ಅಕ್ಷರವನ್ನಷ್ಟೇ ನಮ್ಮ ಕೈಗೆ ಕೊಡಬಹುದು. ಯಂತ್ರದ ಸಲಹೆಯನ್ನು ಅಳಿಸಿ ಬರೆಯಲು ಸಂಕೋಚಪಡಬೇಕಾದ್ದಿಲ್ಲ. ಇದಕ್ಕೆ ನಮ್ಮ ಸಾಹಿತ್ಯದಲ್ಲಿಯೇ ಬಹು ಸೊಗಸಾದ ಮಾರ್ಗವಿರುವುದನ್ನು ಅನೇಕರು ಗಮನಿಸಿಲ್ಲ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಎಂಬ ಮೂರು ಪದಗಳ ಮೊದಲಕ್ಷರಗಳನ್ನು ಕೂಡಿಸಿದಾಗ ‘ಕುವೆಂಪು’ ಆಯಿತು, ಅರಕಲಗೂಡು ನರಸಿಂಗರಾವ್ ಕೃಷ್ಣರಾವ್ ಎಂಬುದು ‘ಅನಕೃ’ವಾಯಿತು, ತಳುಕಿನ ರಾಮಸ್ವಾಮಯ್ಯ ಸುಬ್ಬರಾವ್ ಎಂಬುದು ‘ತರಾಸು’ ಆಯಿತು. ಇವನ್ನು ಇಂಗ್ಲಿಷ್ ಸಣ್ಣಕ್ಷರಗಳಲ್ಲಿ ಬರೆದು ನೋಡಿರಿ: ಮೊದಲನೆಯದು ಏಳಕ್ಷರ, ಉಳಿದೆರಡು ಆರಾರು. ಚುಕ್ಕೆಯಿಲ್ಲ, ಅಂಕಿಯಿಲ್ಲ, ಎಂಟರ ಮಿತಿಯನ್ನು ಮೀರಿಲ್ಲ, ಉಚ್ಚರಿಸಲು ಬರುತ್ತದೆ, ಮರೆಯುವುದಿಲ್ಲ, ಇನ್ನೊಬ್ಬರೊಡನೆ ತಾಕಲಾಡುವ ಸಂಭವವೂ ಕಡಿಮೆ. ಬೇಂದ್ರೆಯವರ ‘ಅಂಬಿಕಾತನಯದತ್ತ’ವಾದರೋ ಹದಿನೇಳು ಅಕ್ಷರಗಳಾಗಿ, ಸ್ಥಾಪಕದಲ್ಲಿ ಉತ್ತೀರ್ಣವಾದರೂ ಕಾರ್ಯಗಳ ಪಟ್ಟಿಯಲ್ಲಿ ತುಂಡಾಗುತ್ತಿತ್ತು. ಬೆಲ್ ಪ್ರಯೋಗಶಾಲೆಯವರೂ ಇದಕ್ಕೆ ಸಮೀಪವಾದ ದಾರಿಯನ್ನೇ ಹಿಡಿದಿದ್ದರು; ರಿಚ್ಚಿಯವರ ಬಳಕೆದಾರ ಹೆಸರು ‘ಡಿಎಂಆರ್’, ನಮ್ಮ ಡಿವಿಜಿಯವರಂತೆ ಬರಿಯ ಮೂರು ಮೊದಲಕ್ಷರಗಳು.

ಹೆಸರನ್ನು ಕಟ್ಟಿದ ಬಳಿಕ ಮುಂದುವರಿಯುವ ಗುಂಡಿಯನ್ನು ಒತ್ತುವ ಮೊದಲು ಅದನ್ನು ಒಂದು ಕಾಗದದ ಮೇಲೆ ಬರೆದು ನೋಡುವುದು ಒಳ್ಳೆಯದು. ಇಂಗ್ಲಿಷಿನ ಸಣ್ಣಕ್ಷರದಿಂದ ಆರಂಭವಾಗಿದೆಯೇ, ಮುಂದೆಯೂ ಸಣ್ಣಕ್ಷರ ಅಥವಾ ಅಂಕಿಗಳಷ್ಟೇ ಇವೆಯೇ, ಎಂಟರ ಒಳಗಿದೆಯೇ ಎಂದು ಪರೀಕ್ಷಿಸಿ, ಅನಂತರ ಗಟ್ಟಿಯಾಗಿ ಓದಿ, ದೂರವಾಣಿಯಲ್ಲಿ ಇನ್ನೊಬ್ಬರಿಗೆ ಹೇಳಿದರೆ ಅವರು ತಪ್ಪಿಲ್ಲದೆ ಬರೆದುಕೊಳ್ಳಬಲ್ಲರೇ ಎಂದು ಯೋಚಿಸಬೇಕು. ಕೆಟ್ಟ ಯಂತ್ರವನ್ನು ದೂರದ ಊರಿನಿಂದ ಮಗನೋ ಮಗಳೋ ಸರಿಪಡಿಸಿಕೊಡುವ ಮನೆಗಳು ನಮ್ಮಲ್ಲಿ ಬಹಳ. ಹುಟ್ಟಿದ ವರ್ಷ, ಮೊಬೈಲ್ ಸಂಖ್ಯೆಯ ತುದಿ, ಹುದ್ದೆ, ಇವಾವುವೂ ಬೇಡ. ಬಳಕೆದಾರ ಹೆಸರು ದಾಖಲೆಗಳಲ್ಲಿ, ಹಂಚಿಕೊಂಡ ಕಡತಗಳಲ್ಲಿ, ದೋಷವರದಿಗಳಲ್ಲಿ ನಮಗರಿವಿಲ್ಲದೆಯೇ ಹೊರಗೆ ಹೋಗುತ್ತಿರುತ್ತದೆ. ಹೆಣ್ಣುಮಕ್ಕಳು ವಿವಾಹಾನಂತರ ಬದಲಾಗಬಹುದಾದ ಮೊದಲಕ್ಷರಗಳನ್ನು ಬಿಟ್ಟು ತಮ್ಮ ಸ್ವಂತ ಹೆಸರಿನ ಭಾಗವನ್ನೇ ಆಧಾರವಾಗಿಟ್ಟುಕೊಳ್ಳುವುದು ಲೇಸು.

ವಿಂಡೋಸ್ ಬಳಸುವವರಿಗೆ ನಿಯಮಗಳು ಸಡಿಲವಾಗಿರುವಂತೆ ತೋರುತ್ತವೆ. ಸ್ಥಳೀಯ ಖಾತೆಯ ಹೆಸರು 20 ಅಕ್ಷರಗಳನ್ನು ಮೀರಬಾರದು. ಓರೆಗೆರೆಗಳು, ಚೌಕಾವರಣಗಳು, ಕೋಲನ್, ನಕ್ಷತ್ರ, ಪ್ರಶ್ನಾರ್ಥಕ, ಇಮೇಲ್ ವಿಳಾಸದ ‘ಅಟ್’ ಚಿಹ್ನೆ ಮುಂತಾದವು ಸಲ್ಲವು. ಉಳಿದಂತೆ ಖಾಲಿ ಸ್ಥಳವೂ ನಡೆಯುತ್ತದೆ. ಅಲ್ಲಿನ ತೊಡಕು ಬೇರೆಡೆ ಇದೆ. ಮೈಕ್ರೋಸಾಫ್ಟ್ ಖಾತೆಯಿಂದಲೇ ಆರಂಭಿಸಿದರೆ ಬಳಕೆದಾರನ ಕಡತಕೋಶಕ್ಕೆ ಇಮೇಲ್ ವಿಳಾಸದ ಮೊದಲ ಐದಕ್ಷರಗಳು ಹೆಸರಾಗಿ ನಿಲ್ಲುತ್ತವೆ, ವೆಂಕಟೇಶರು ‘ವೆಂಕ’ ಆಗುತ್ತಾರೆ. ಮುಂದೆ ಖಾತೆಯ ಹೆಸರನ್ನು ಬದಲಿಸಿದರೂ ಕೋಶದ ಹೆಸರು ಹಾಗೆಯೇ ಉಳಿಯುತ್ತದೆ. ಮೊದಲು ಸ್ಥಳೀಯ ಖಾತೆಯನ್ನು ತೆರೆದು ಅನಂತರ ಅದನ್ನು ಜೋಡಿಸಿಕೊಂಡರೆ ಇದು ತಪ್ಪುತ್ತದೆ, ಆದರೆ ಇತ್ತೀಚಿನ ಆವೃತ್ತಿಗಳಲ್ಲಿ ಆ ದಾರಿ ಕಿರಿದಾಗುತ್ತ ಬಂದಿದೆ. ಕನ್ನಡದ ಹೆಸರಿನ ಕೋಶವನ್ನು ವಿಂಡೋಸ್ ತಾನು ಒಪ್ಪಿದರೂ, ಯುನಿಕೋಡ್ ಪೂರ್ವದ ರೀತಿಯಲ್ಲಿ ರಚಿತವಾದ ಹಳೆಯ ತಂತ್ರಾಂಶಗಳು ಅದನ್ನು ಓದಲಾರವು. ಅಂಥ ತಂತ್ರಾಂಶಗಳಿಗಾಗಿ ಇದ್ದ ಸಂಕೇತಪಟ್ಟಿಗಳಲ್ಲಿ ಕನ್ನಡಕ್ಕೆ ಒಂದು ಪಟ್ಟಿಯೇ ಇರಲಿಲ್ಲವಾದ್ದರಿಂದ, ಹೆಸರಿನ ಸ್ಥಾನದಲ್ಲಿ ಪ್ರಶ್ನಾರ್ಥಕಗಳ ಸಾಲೊಂದು ಉಳಿಯುತ್ತದೆ.

ಆಗಲೇ ತಪ್ಪಾದ ಹೆಸರನ್ನು ಇಟ್ಟುಕೊಂಡವರು ಎದೆಗುಂದಬೇಕಾಗಿಲ್ಲ. ಲಿನಕ್ಸ್‌ನಲ್ಲಿ ಒಡೆತನವೆಲ್ಲ ಸಂಖ್ಯೆಯ ಮೇಲೆ ನಿಂತಿರುವುದರಿಂದ ಹೆಸರನ್ನು ಬದಲಿಸಿದರೆ ಕಡತಗಳು ಪರರ ಪಾಲಾಗುವುದಿಲ್ಲ. ಆಡಳಿತಾಧಿಕಾರವಿರುವ ತಾತ್ಕಾಲಿಕ ಬಳಕೆದಾರನೊಬ್ಬನನ್ನು ಸೃಷ್ಟಿಸಿ, ಹಳೆಯ ಹೆಸರಿನಿಂದ ಸಂಪೂರ್ಣವಾಗಿ ಹೊರಬಂದು, ಆ ತಾತ್ಕಾಲಿಕನ ಮೂಲಕ ‘ಯೂಸರ್‌ಮಾಡ್’ ಆಜ್ಞೆಯಿಂದ ಹೆಸರನ್ನೂ ಮನೆಕೋಶವನ್ನೂ, ‘ಗ್ರೂಪ್‌ಮಾಡ್’ ಆಜ್ಞೆಯಿಂದ ಗುಂಪಿನ ಹೆಸರನ್ನೂ ಬದಲಿಸಬೇಕು. ಕಾಲನಿಯತ ಕಾರ್ಯಗಳ ಪಟ್ಟಿಯೂ, ತಂತ್ರಾಂಶಗಳು ತಮ್ಮೊಳಗೆ ಬರೆದಿಟ್ಟುಕೊಂಡ ಹಳೆಯ ಕೋಶದ ವಿಳಾಸಗಳೂ ತಾವಾಗಿ ಬದಲಾಗುವುದಿಲ್ಲ. ಅವನ್ನು ಹುಡುಕಿ ತಿದ್ದುವಷ್ಟರಲ್ಲಿ ಒಂದು ಸಂಜೆ ಕಳೆಯುತ್ತದೆ. ಸಂಗ್ರಹವೇನೂ ಇಲ್ಲದ ಹೊಸ ಗಣಕವಾದರೆ ಪುನಃ ಸ್ಥಾಪಿಸುವುದೇ ಸುಲಭ.

ಅನುವಾದಕರಿಗೂ ತಂತ್ರಾಂಶ ರಚಿಸುವವರಿಗೂ ನನ್ನದೊಂದು ಬಿನ್ನಹವಿದೆ. ಹೆಸರನ್ನು ನಿರಾಕರಿಸುವಾಗ, ಅಸಿಂಧು ಎಂಬ ಒಂದು ಪದವನ್ನು ಎಸೆಯದೆ, ಇಂಥ ಚಿಹ್ನೆಯಿಂದ ತೊಡಕಾಯಿತು, ಇಂಥ ಕಾರಣಕ್ಕೆ, ಇದರ ಬದಲು ಹೀಗೆ ಬರೆಯಬಹುದು ಎಂದು ಎರಡು ಸಾಲು ತಿಳಿಗನ್ನಡದಲ್ಲಿ ಹೇಳಿದರೆ, ಅರವತ್ತು ದಾಟಿದವರೊಬ್ಬರು ತಮ್ಮ ಹೆಸರಿನಲ್ಲಿಯೇ ದೋಷವಿದೆಯೆಂದು ಕೊರಗುವುದು ತಪ್ಪುತ್ತದೆ.

ಅಂದು ಸಂಜೆ ಅಧ್ಯಾಪಕರು ಊರಿನದೊಂದು, ತಂದೆಯದೊಂದು, ತಮ್ಮದೊಂದು ಅಕ್ಷರವನ್ನು ಕೂಡಿಸಿ ಆರಕ್ಷರಗಳ ಹೆಸರನ್ನು ಕಟ್ಟಿ, ಎರಡು ಸಲ ಬಾಯಲ್ಲಿ ಹೇಳಿಕೊಂಡು ಒತ್ತಿದರು; ಸ್ಥಾಪಕ ಮರುಮಾತಿಲ್ಲದೆ ಮುಂದಿನ ಪುಟಕ್ಕೆ ಹೋಯಿತು. ಸ್ಥಾಪನೆ ಮುಗಿದು ಗಣಕ ಮತ್ತೆ ಎದ್ದಾಗ ಪ್ರವೇಶದ ಪರದೆಯ ನಡುವೆ ಅವರ ಪೂರ್ಣನಾಮ, ಚುಕ್ಕೆಗಳೊಡನೆ, ಕನ್ನಡದಲ್ಲಿ ಮೂಡಿತ್ತು.